ಒಂದು ಸಲಕ್ಕೆ ಒಂದೇ ಬಿರಡೆ

ಕೇಳುಗರಿಗೆ ನಮಸ್ಕಾರ.

ಈಗ ಹತ್ತು ನಿಮಿಷದ ಹಿಂದೆ ನಾನು ಈ ಸ್ಟುಡಿಯೋ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಒಬ್ಬ ತಾಯಿ ತಂಬೂರಿ ಶ್ರುತಿ ಮಾಡುತ್ತಿದ್ದರು. ಒಂದು ಬಿರಡೆ ತಿರುಗಿಸುತ್ತಾರೆ, ತಂತಿ ಮೀಟುತ್ತಾರೆ, ಕಿವಿ ಕೊಟ್ಟು ಕೇಳುತ್ತಾರೆ. ಸರಿಹೋಗಲಿಲ್ಲ ಅಂದರೆ ಅದೇ ಬಿರಡೆ, ಇನ್ನೊಂದು ಚೂರು. ನಾಲ್ಕು ಬಿರಡೆ ಇದೆ ಅಂತ ನಾಲ್ಕಕ್ಕೂ ಒಟ್ಟಿಗೆ ಕೈ ಹಾಕಲಿಲ್ಲ. ನಾನು ಇವತ್ತು ಇಲ್ಲಿಗೆ ಬಂದು ಹೇಳಬೇಕು ಅಂತಿದ್ದ ಮಾತನ್ನು ಅವರು ಮಾತೇ ಆಡದೆ ಮಾಡಿ ತೋರಿಸುತ್ತಿದ್ದರು.

ಅದೇನು ಅಂದರೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಬರೆದಿಡಿ. ಇದನ್ನು ನಾನು ಇವತ್ತು ಇನ್ನೂ ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಿಷಯ ಓವರ್‌ಕ್ಲಾಕಿಂಗ್. ಕಂಪ್ಯೂಟರಿನಲ್ಲಿ ಲೆಕ್ಕವೆಲ್ಲ ಮಾಡುವ ಚಿಪ್ಪು, ಅಂದರೆ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಹಾಗೆ ಓಡಿಸಿದಾಗ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ತಾನೇ ರೀಸ್ಟಾರ್ಟ್ ಆಗುತ್ತದೆ, ನೀಲಿ ಪರದೆ ತೋರಿಸುತ್ತದೆ. ಆಗ ಏನು ಮಾಡಬೇಕು? ಮಗ ಕ್ಯಾಬಿನೆಟ್ಟಿನ ಬಾಗಿಲು ಬಿಚ್ಚಿಟ್ಟು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ, ಅಮ್ಮ ಅಡುಗೆಮನೆಯಲ್ಲಿ ರೇಡಿಯೋ ಹಾಕಿದ್ದಾರೆ ಅಂದುಕೊಳ್ಳುತ್ತೇನೆ. ಅಮ್ಮ, ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿ, ಅವನಿಗೂ ಕೇಳಿಸಲಿ.

ಪ್ರೊಸೆಸರ್ ತಾಳಕ್ಕೆ ಕೆಲಸ ಮಾಡುವ ವಸ್ತು. ಅದು ಕೂರುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡಿನಿಂದ ಒಂದು ಮೂಲ ತಾಳ ಬರುತ್ತದೆ. ಪ್ರೊಸೆಸರ್ ಅದನ್ನು ಇಷ್ಟು ಪಟ್ಟು ಅಂತ ಹೆಚ್ಚಿಸಿಕೊಳ್ಳುತ್ತದೆ. ಎಷ್ಟು ಪಟ್ಟು ಅನ್ನುವುದಕ್ಕೆ ಮಲ್ಟಿಪ್ಲೈಯರ್ ಅನ್ನುತ್ತಾರೆ. 200 ಮೆಗಾಹರ್ಟ್ಸ್ ತಾಳ, 20 ಪಟ್ಟು, ಒಟ್ಟು 4000. ಅಂದರೆ 4 ಗಿಗಾಹರ್ಟ್ಸ್. ತಾಳ ಏರಿಸಿ ಅಥವಾ ಪಟ್ಟು ಏರಿಸಿ, ವೇಗ ಏರುತ್ತದೆ. ಅಷ್ಟೇ.

ನನ್ನ ವಯಸ್ಸಿನವರಿಗೆ ಈ ಹುಚ್ಚು ಹತ್ತಿಸಿದ್ದು 1998ರಲ್ಲಿ ಬಂದ ಇಂಟೆಲ್ ಕಂಪನಿಯ ಅಗ್ಗದ ಪ್ರೊಸೆಸರ್ ಸೆಲೆರಾನ್ 300ಎ. ಅದರ ತಾಳ 66, ಪಟ್ಟು ನಾಲ್ಕೂವರೆ. ತಾಳವನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸಿನ ಚಿಪ್ಪು 450ರಲ್ಲಿ ಓಡುತ್ತಿತ್ತು. ಕೊಟ್ಟ ದುಡ್ಡಿಗೆ ಒಂದೂವರೆ ಪಟ್ಟು! ಆ ಖುಷಿ ಈಗಿನವರಿಗೆ ಹೇಳಿದರೆ ಅರ್ಥ ಆಗಲ್ಲ ಬಿಡಿ.

ವೇಗ ಏರಿಸಿದಾಗ ಪ್ರತಿ ತಾಳದಲ್ಲಿ ಕೆಲಸ ಮುಗಿಸೋಕೆ ಸಿಗುವ ಸಮಯ ಕಮ್ಮಿಯಾಗುತ್ತದೆ. ಆಗ ವೋಲ್ಟೇಜ್ ಸ್ವಲ್ಪ ಏರಿಸಿದರೆ ಪ್ರೊಸೆಸರ್ ಚುರುಕಾಗುತ್ತದೆ. ಆದರೆ ಶಾಖ ಏರುತ್ತದೆ, ಅದೂ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ವೇಗವನ್ನು ನೂರಕ್ಕೆ ಹತ್ತು, ವೋಲ್ಟೇಜನ್ನು ನೂರಕ್ಕೆ ಹತ್ತು ಏರಿಸಿ ನೋಡಿ. ಶಾಖ ನೂರಕ್ಕೆ 33 ಏರಿರುತ್ತದೆ. ಈ ಲೆಕ್ಕ ನೆನಪಿರಲಿ, ಮುಂದಿನ ಕಥೆಗೆ ಬೇಕು.

2013ರ ಮಾತು. ಮೈಸೂರಿನ ನನ್ನ ರಿಪೇರಿ ಅಂಗಡಿಗೆ ಒಬ್ಬರು ಮದುವೆ ವಿಡಿಯೋ ಮಾಡುವವರು ಕಂಪ್ಯೂಟರ್ ಹೊತ್ತುಕೊಂಡು ಬಂದರು. ಎಎಂಡಿ ಎಫ್‌ಎಕ್ಸ್ 8350 ಪ್ರೊಸೆಸರ್, ಎಂಟು ಕೋರ್, 4 ಗಿಗಾಹರ್ಟ್ಸ್. ವಿಡಿಯೋ ಕೆಲಸದವರಿಗೆ ಅದು ಆಗ ಒಳ್ಳೆ ಮಾಲು. ಅವರು ಅದನ್ನು ನಾಲ್ಕೂವರೆಗೆ ಏರಿಸಿದ್ದರು. ದೂರು ಏನು ಗೊತ್ತಾ?

"ಸಾರ್, ಮುಹೂರ್ತಕ್ಕೆ ಸರಿಯಾಗಿ ಆಫ್ ಆಗತ್ತೆ."

ನನಗೆ ಅರ್ಥ ಆಗಲಿಲ್ಲ. ರಾಹುಕಾಲ, ಗುಳಿಕಕಾಲ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಮದುವೆ ವಿಡಿಯೋ ರೆಂಡರ್ ಹಾಕಿದರೆ, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡೋಕೆ ಬಿಟ್ಟರೆ, ವರಪೂಜೆ ಆಗುತ್ತದೆ, ಕಾಶಿಯಾತ್ರೆ ಆಗುತ್ತದೆ. ಅಂತರಪಟ ಸರಿಯುವ ಹೊತ್ತಿಗೆ ಕಂಪ್ಯೂಟರ್ ದಪ್ಪಂತ ಆಫ್. ಒಂದು ಮದುವೆಯಲ್ಲ, ಮೂರು ಮದುವೆಗೂ ಹಾಗೇ. ಹೆಣ್ಣಿನ ಕಡೆಯವರು ದಿನಾ ಫೋನು ಮಾಡುತ್ತಿದ್ದಾರೆ, ಮಾಂಗಲ್ಯಧಾರಣೆಯೇ ಇಲ್ಲದ ಸಿ.ಡಿ. ಹೇಗೆ ಕೊಡೋದು? ಪಾಪ, ಕ್ಯಾಬಿನೆಟ್ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣಿನ ಗುರುತೂ ಇತ್ತು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಏನೇನು ಬದಲಾಯಿಸಿದಿರಿ ಅಂತ ಕೇಳಿದೆ. ಮಲ್ಟಿಪ್ಲೈಯರ್ ಏರಿಸಿದ್ದಾರೆ, ವೋಲ್ಟೇಜ್ 1.40 ಮಾಡಿದ್ದಾರೆ, ಕಂಪ್ಯೂಟರಿನ ತಾತ್ಕಾಲಿಕ ನೆನಪು ಅಂದರೆ ರ‍್ಯಾಮಿನ ವೇಗ ಏರಿಸಿದ್ದಾರೆ, ಹಳೆ ಫ್ಯಾನ್ ಕೂಲರ್ ತೆಗೆದು ನೀರಿನ ಕೂಲರ್ ಹಾಕಿಸಿದ್ದಾರೆ. ಎಲ್ಲ ಒಂದೇ ರಾತ್ರಿ! ನಾಲ್ಕು ಬಿರಡೆಯನ್ನೂ ಒಟ್ಟಿಗೆ ತಿರುಗಿಸಿಬಿಟ್ಟು, ಯಾವ ತಂತಿ ಅಪಶ್ರುತಿ ಅಂತ ನನ್ನನ್ನು ಕೇಳುತ್ತಿದ್ದಾರೆ.

ಅವರನ್ನು ಬೈದೆ. ಆದರೆ ಮುಂದೆ ನಾನು ಮಾಡಿದ್ದೇನು? ಯೋಚನೆಯೇ ಮಾಡದೆ, ವೋಲ್ಟೇಜ್ ಸಾಲುತ್ತಿಲ್ಲ ಅಂತ ತೀರ್ಮಾನ ಮಾಡಿದೆ. 1.425ಕ್ಕೆ ಏರಿಸಿದೆ. ರೆಂಡರ್ ಹಾಕಿದೆ. ಆಫ್. ಮಾರನೇ ದಿನ 1.45. ಆಫ್. ರ‍್ಯಾಮ್ ಬದಲಾಯಿಸಿದೆ. ಆಫ್. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿ, ಅದು ಕೈಕೊಟ್ಟಿರಬೇಕು ಅಂತ ಅಂಗಡಿಯದೇ ದೊಡ್ಡದೊಂದನ್ನು ಹಾಕಿದೆ. ಆಫ್. ಪ್ರೊಸೆಸರಿನ ತಾಪಮಾನ ನೋಡಿದರೆ 55 ಡಿಗ್ರಿ, ತಣ್ಣಗಿದೆ! ಕಂಪ್ಯೂಟರ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬೇರೆ ಪ್ರೊಸೆಸರ್ ತಂದು ಹಾಕಿ ನೋಡೋಣ ಅನ್ನುವವರೆಗೂ ಬಂದೆ. ಆರು ದಿನ ಹೋಯಿತು.

ನಮ್ಮ ಅಂಗಡಿಗೆ ಆಗ ಬಿ.ಕಾಂ. ಓದುತ್ತಿದ್ದ ಒಂದು ಹುಡುಗಿ ಸಂಜೆ ಕೆಲಸಕ್ಕೆ ಬರುತ್ತಿದ್ದಳು. ಬಿಲ್ ಬರೆಯೋದು, ಫೋನ್ ತೆಗೆಯೋದು. ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಅವಳು ಸುಮ್ನೆ ಗೀಟು ಹಾಕಿಕೊಂಡು ಬರೆಯುತ್ತಾ ಬಂದಿದ್ದಳು. ನಾನು ಹೇಳಿರಲಿಲ್ಲ. ಆರನೇ ದಿನ ಸಂಜೆ ಪುಸ್ತಕ ತಂದು ನನ್ನ ಟೀ ಲೋಟದ ಪಕ್ಕ ಇಟ್ಟಳು. ವೋಲ್ಟೇಜ್ 1.40, ಆಫ್ ಆಗಿದ್ದು 52 ನಿಮಿಷಕ್ಕೆ. 1.425, 44 ನಿಮಿಷ. 1.45, 35 ನಿಮಿಷ. ಕೆಂಪು ಪೆನ್ನಿನಲ್ಲಿ ಮೂರಕ್ಕೂ ಸುತ್ತು ಹಾಕಿದ್ದಳು.

"ಸಾರ್, ನೀವು ಏರಿಸಿದಷ್ಟೂ ಬೇಗ ಆಫ್ ಆಗ್ತಿದೆ."

ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದ ಅನುಭವ ಅಂತ ಬೋರ್ಡ್ ಬೇರೆ ಹಾಕಿಕೊಂಡಿದ್ದೆ. ಔಷಧಿ ಕೊಟ್ಟಷ್ಟೂ ರೋಗ ಏರುತ್ತಿದೆ ಅಂದರೆ ರೋಗವೇ ಬೇರೆ, ಅಲ್ವಾ? ವೋಲ್ಟೇಜ್ ಕಮ್ಮಿಯಾಗಿ ಬೀಳುವ ಕಂಪ್ಯೂಟರ್ ವೋಲ್ಟೇಜ್ ಕೊಟ್ಟರೆ ಜಾಸ್ತಿ ಹೊತ್ತು ನಿಲ್ಲಬೇಕು. ಇದು ಕಮ್ಮಿ ಹೊತ್ತು ನಿಲ್ಲುತ್ತಿದೆ. ಅಂದರೆ ಎಲ್ಲೋ ಏನೋ ಬಿಸಿಯಾಗುತ್ತಿದೆ. ಆದರೆ ಪ್ರೊಸೆಸರ್ ತಣ್ಣಗಿದೆ!

ಅವತ್ತು ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿದೆ. 1.40, ಅವರದೇ ರ‍್ಯಾಮ್, ಅವರದೇ ಎಸ್‌ಎಂಪಿಎಸ್. ಒಂದೇ ಒಂದು ಬದಲಾವಣೆ ಮಾಡಿದೆ. ಕ್ಯಾಬಿನೆಟ್ಟಿನ ಬಾಗಿಲು ತೆಗೆದು, ಅಂಗಡಿಯ ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ಇಟ್ಟೆ. ರೆಂಡರ್ ಹಾಕಿದೆವು. ನಾವಿಬ್ಬರೂ, ಆ ವಿಡಿಯೋದವರೂ ಸ್ಟೂಲ್ ಎಳೆದುಕೊಂಡು ಕೂತೆವು. ಕಾಶಿಯಾತ್ರೆ ಆಯಿತು. ಅಂತರಪಟ ಸರಿಯಿತು. ಧಾರೆ ಆಯಿತು. ತಾಳಿ ಕಟ್ಟಿದ, ಸಪ್ತಪದಿ ಆಯಿತು, ಊಟದ ಪಂಕ್ತಿಯೂ ಬಂತು. ಯಾರದೋ ಮದುವೆಗೆ ನಾನು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಏನಾಗಿತ್ತು ಅಂದರೆ, ಪ್ರೊಸೆಸರಿನ ಪಕ್ಕದಲ್ಲಿ ಮದರ್‌ಬೋರ್ಡಿನ ಮೇಲೆ ಸಾಲಾಗಿ ಕಪ್ಪು ಬಿಲ್ಲೆಗಳಿರುತ್ತವೆ. ಬೆರಳಿನ ಉಗುರಿಗಿಂತ ಚಿಕ್ಕವು. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಒಂದೂ ಚಿಲ್ಲರೆ ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡುವುದು ಇವುಗಳ ಕೆಲಸ. ವಿಆರ್‌ಎಂ ಅಂತ ಕರೆಯುತ್ತಾರೆ. ಆ ಪ್ರೊಸೆಸರಿನದು 125 ವ್ಯಾಟ್. 1.4 ವೋಲ್ಟಿನಿಂದ ಭಾಗಿಸಿ ನೋಡಿ, 90 ಆಂಪಿಯರ್ ಹತ್ತಿರ ಬರುತ್ತದೆ. ನಿಮ್ಮ ಸ್ನಾನದ ಮನೆಯ 2000 ವ್ಯಾಟಿನ ಗೀಸರ್ ಎಳೆಯುವುದು 9 ಆಂಪಿಯರಿಗೂ ಕಮ್ಮಿ! ವೇಗ, ವೋಲ್ಟೇಜ್ ಏರಿಸಿದರೆ 90 ಇನ್ನೂ ಏರುತ್ತದೆ. ಹಳೇ ಕೂಲರಿನ ಫ್ಯಾನ್ ಕೆಳಮುಖವಾಗಿ ಊದುತ್ತಿತ್ತು, ಆ ಗಾಳಿ ಈ ಬಿಲ್ಲೆಗಳಿಗೂ ತಾಗುತ್ತಿತ್ತು. ನೀರಿನ ಕೂಲರಿನಲ್ಲಿ ಫ್ಯಾನ್ ಕ್ಯಾಬಿನೆಟ್ಟಿನ ಅಂಚಿಗೆ ಹೋಯಿತು. ಪ್ರೊಸೆಸರ್ ತಣ್ಣಗಾಯಿತು, ಬಿಲ್ಲೆಗಳು ಬೆಂದವು. ಬೋರ್ಡು ಅಗ್ಗದ್ದು, ಅವುಗಳ ಮೇಲೆ ಶಾಖ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಇರಲಿಲ್ಲ. ಮುಕ್ಕಾಲು ಗಂಟೆ ಕಾದು ಕಾದು ಬೋರ್ಡು ತನ್ನನ್ನು ತಾನೇ ಕಾಪಾಡಿಕೊಳ್ಳೋಕೆ ಆಫ್ ಆಗುತ್ತಿತ್ತು. ಆ ಹೊತ್ತಿಗೆ ಮುಹೂರ್ತ ಬಂದಿರುತ್ತಿತ್ತು, ಅಷ್ಟೇ.

ಕೊನೆಗೆ ಒಂದು ಚಿಕ್ಕ ಫ್ಯಾನನ್ನು ಬಿಲ್ಲೆಗಳ ಕಡೆ ಮುಖ ಮಾಡಿ ಕೇಬಲ್ ಟೈನಲ್ಲಿ ಕಟ್ಟಿದೆವು.

ಗಾಜಿನ ಆ ಕಡೆ ಕಾರ್ಯಕ್ರಮದ ಅಧಿಕಾರಿಗಳು ಮೂರು ಬೆರಳು ತೋರಿಸುತ್ತಿದ್ದಾರೆ. ಮೂರು ನಿಮಿಷ. ನನ್ನ ಹಾಳೆಯಲ್ಲಿ ಇನ್ನೂ ಬೇಕಾದಷ್ಟಿದೆ, ಬೇಗ ಬೇಗ ಹೇಳುತ್ತೇನೆ.

ಕಂಪ್ಯೂಟರ್ ಹೇಗೆ ಬೀಳುತ್ತದೆ ಅಂತ ಮೊದಲು ನೋಡಿ. ಮಾತಿಲ್ಲದೆ ಕತೆಯಿಲ್ಲದೆ ಕರೆಂಟ್ ಹೋದ ಹಾಗೆ ಆಫ್ ಆದರೆ ಶಾಖ ಅಥವಾ ಎಸ್‌ಎಂಪಿಎಸ್ ಕಡೆ ನೋಡಿ. ನೀಲಿ ಪರದೆ ಬಂದರೆ ಅದರ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಡಬ್ಲ್ಯು, ಎಚ್, ಇ, ಎ ಅಂತ ಶುರುವಾಗುವ ಹೆಸರು, ಅಥವಾ ಕ್ಲಾಕ್ ವಾಚ್‌ಡಾಗ್ ಅನ್ನುವ ಹೆಸರು ಬಂದರೆ ಹೆಚ್ಚಾಗಿ ಪ್ರೊಸೆಸರಿಗೆ ಆ ವೇಗಕ್ಕೆ ವೋಲ್ಟೇಜ್ ಸಾಲುತ್ತಿಲ್ಲ. ವೇಗ ಒಂದು ಮೆಟ್ಟಿಲು ಇಳಿಸಿ. ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬಂದರೆ ರ‍್ಯಾಮ್ ನೋಡಿ.

ರ‍್ಯಾಮಿನ ವಿಷಯ. ಎಕ್ಸ್‌ಎಂಪಿ, ಎಕ್ಸ್‌ಪೋ ಅಂತ ಬಯೋಸಿನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದ ತಕ್ಷಣ ಏಳುವ, ಈ ವೇಗ ವೋಲ್ಟೇಜ್ ಎಲ್ಲ ಬದಲಾಯಿಸುವ ತಂತ್ರಾಂಶದಲ್ಲಿ, ಒಂದು ಬಟನ್ ಇರುತ್ತದೆ. ರ‍್ಯಾಮಿನ ವೇಗ ಏರಿಸುವ ಬಟನ್, ಅದೂ ಓವರ್‌ಕ್ಲಾಕೇ. ಪ್ರೊಸೆಸರ್ ಪರೀಕ್ಷೆ ಮಾಡುವಾಗ ಅದನ್ನು ಆಫ್ ಮಾಡಿ. ಪ್ರೊಸೆಸರ್ ಗಟ್ಟಿಯಾಗಿ ನಿಂತ ಮೇಲೆ ಆನ್ ಮಾಡಿ, ಮೆಮ್‌ಟೆಸ್ಟ್ 86 ಅನ್ನುವ ಪರೀಕ್ಷೆಯ ತಂತ್ರಾಂಶ ಹಾಕಿ ರಾತ್ರಿಯೆಲ್ಲ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಅದು ತಪ್ಪೇ. "ಒಂದೇ ತಾನೇ ಸಾರ್" ಅನ್ನಬೇಡಿ. ಆ ಒಂದು ನಿಮ್ಮ ಫೈಲಿನೊಳಗೆ ಹೋಗಿ ಕೂರುತ್ತದೆ.

ಪ್ರೊಸೆಸರ್ ಪರೀಕ್ಷೆಗೆ ಪ್ರೈಮ್ 95. ಇದು ಮೂಲದಲ್ಲಿ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವವರ ತಂತ್ರಾಂಶ. ಆ ಹುಡುಕಾಟ 1996ರಲ್ಲಿ ಶುರುವಾಗಿದ್ದು, ಇವತ್ತಿಗೂ ನಡೆಯುತ್ತಿದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಡುತ್ತದೆ, ಪ್ರೊಸೆಸರ್ ತಪ್ಪು ಉತ್ತರ ಕೊಟ್ಟರೆ ಹಿಡಿಯುತ್ತದೆ. ಹತ್ತು ನಿಮಿಷ ಓಡಿಸಿ "ಪಾಸು" ಅನ್ನಬೇಡಿ. ನಮ್ಮ ಮದುವೆ ಕಂಪ್ಯೂಟರಿಗೆ 52 ನಿಮಿಷ ಬೇಕಾಯಿತು, ನೆನಪಿದೆಯಲ್ಲ. ಡಿಸೆಂಬರಿನಲ್ಲಿ ಪಾಸಾದದ್ದನ್ನು ಏಪ್ರಿಲಿನಲ್ಲಿ ಇನ್ನೊಂದು ಸಲ ಓಡಿಸಿ. ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಿಕ್ಸಿ ಹಾಕಿದರೆ ಬಲ್ಬು ಮಂಕಾಗುತ್ತದಲ್ಲ, ಕೆಲಸದ ಭಾರ ಬಿದ್ದಾಗ ಪ್ರೊಸೆಸರಿನ ವೋಲ್ಟೇಜೂ ಹಾಗೇ ಕುಸಿಯುತ್ತದೆ. ಬಯೋಸಿನಲ್ಲಿ ಲೋಡ್ ಲೈನ್ ಅನ್ನುವುದು ಇದನ್ನು ಹಿಡಿದು ನಿಲ್ಲಿಸುವುದಕ್ಕೆ. ಮಧ್ಯದ ಮಟ್ಟದಲ್ಲಿಡಿ. ಎಲ್ಲಕ್ಕಿಂತ ಮೇಲಿನದಕ್ಕೆ ಹೋಗಬೇಡಿ.

ವೋಲ್ಟೇಜ್ ಜಾಸ್ತಿ ಕೊಟ್ಟರೆ ಏನಂತೆ ಅನ್ನುವವರಿಗೆ ಒಂದು ಮಾತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಓವರ್‌ಕ್ಲಾಕ್ ಮಾಡದೆಯೇ ಅಸ್ಥಿರವಾದವು. ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುತ್ತಿತ್ತು ಅಂತ ಕಂಪನಿಯೇ ಹೇಳಿ, ಪ್ರೊಸೆಸರಿನ ಒಳಗಿನ ಸೂಚನೆಗಳಿಗೆ, ಅಂದರೆ ಮೈಕ್ರೋಕೋಡಿಗೆ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಪ್ರೊಸೆಸರ್ ಇದ್ದವರು ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಆಮೇಲೆ ಆಟ. ಬಯೋಸ್ ಅಪ್‌ಡೇಟ್ ಕೂಡ ಒಂದು ಬದಲಾವಣೆ, ಪುಸ್ತಕದಲ್ಲಿ ಬರೆಯಿರಿ.

ಪ್ರೊಸೆಸರಿಗೂ ಕೂಲರಿಗೂ ಮಧ್ಯೆ ಹಚ್ಚುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿಕೊಂಡು ಬರುತ್ತಾರೆ, ಒರೆಸಿ ಒರೆಸಿ ಸಾಕಾಗಿದೆ ನನಗೆ.

ಒಂದು ಬೆರಳು. ಸರಿ, ಮುಗಿಸಿದೆ.

ಏನು ಮಾಡಿದರೂ ಪರದೆಯೇ ಬರುತ್ತಿಲ್ಲ ಅಂದರೆ ಗಾಬರಿ ಬೇಡ. ಪ್ಲಗ್ ಕಿತ್ತುಹಾಕಿ. ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗಿರುವ 3 ವೋಲ್ಟಿನ ಸೆಲ್ ಇದೆ, ಸಿಆರ್ 2032. ಅದನ್ನು ಹುಷಾರಾಗಿ ತೆಗೆಯಿರಿ. ಪವರ್ ಬಟನ್ ಒಂದೆರಡು ಸಲ ಒತ್ತಿ. ಒಂದು ಕಾಫಿ ಕುಡಿದು ಬಂದು ಸೆಲ್ ವಾಪಸ್ ಹಾಕಿ. ಬಯೋಸ್ ನೀವು ಹೇಳಿದ್ದನ್ನೆಲ್ಲ ಮರೆತು ಹೊಸದಾಗಿ ಏಳುತ್ತದೆ. ಆಗ ನೀವು ಏನೇನು ಇಟ್ಟಿದ್ದಿರಿ ಅನ್ನುವುದು ಆ ಪುಸ್ತಕದಲ್ಲಿ ಮಾತ್ರ ಇರುತ್ತದೆ, ಬರೆದಿದ್ದರೆ.

ನಮಸ್ಕಾರ.