ಅವರ ಮನೆ ಬೀಗದ ಕೈ ಅವರಿಗೇ ಉಡುಗೊರೆ

ಈಗ ನೀವು ನೋಡ್ತಿರೋದು ಜೈಪುರದ ಹತ್ತಿರದ ಆಮೇರ್ ಕೋಟೆಯ ಶೀಶ್ ಮಹಲ್. ಕ್ಯಾಮೆರಾ ಅಲುಗಾಡ್ತಿದ್ರೆ ಬೈಬೇಡಿ, ಕೋಟೆ ಹತ್ತಿ ಬಂದ ಏದುಸಿರು ಅದು. ಗೋಡೆ ತುಂಬ ಪುಟ್ಟ ಪುಟ್ಟ ಕನ್ನಡಿ ಚೂರು. ನಾನು ಒಂದು ಹೆಜ್ಜೆ ಸರಿದ್ರೆ ಸಾಕು, ಅಷ್ಟೂ ಚೂರುಗಳಲ್ಲಿ ನನ್ನ ಕೆಂಪು ಅಂಗಿ ಜಾರ್ಕೊಂಡು ಹೋಗತ್ತೆ.

ಆಮೇರ್ ಮೊದಲು ಸಣ್ಣ ರಾಜ್ಯ. ಈ ವೈಭವಕ್ಕೆ ದುಡ್ಡು ಎಲ್ಲಿಂದ ಬಂತು?

1562ರಲ್ಲಿ ಇಲ್ಲಿನ ರಾಜ ಭಾರಮಲ್ ತನ್ನ ಮಗಳನ್ನ ಅಕ್ಬರನಿಗೆ ಕೊಟ್ಟ. ಎಲ್ಲರೂ ಆ ಮದುವೆ ಕಥೆನೇ ಹೇಳ್ತಾರೆ. ನನ್ನ ಕಣ್ಣು ಮಾತ್ರ ದಫ್ತರದ ಲೆಕ್ಕದ ಮೇಲೆ. ಮೊಘಲ್ ಮನ್ಸಬ್‌ದಾರರಲ್ಲಿ (ಬಾದಶಹ ದರ್ಜೆ ಕೊಟ್ಟ ಅಧಿಕಾರಿಗಳಲ್ಲಿ) ಹೆಚ್ಚಿನವರಿಗೆ ಸಂಬಳ ಅಂದ್ರೆ ಒಂದಷ್ಟು ಊರುಗಳ ಕಂದಾಯ, ಅದೇ ಜಾಗೀರು. ಮೂರ್ನಾಲ್ಕು ವರ್ಷಕ್ಕೆ ಅದು ಕೈ ಬದಲಾಗ್ತಿತ್ತು. ರಜಪೂತ ರಾಜರ ಪಿತ್ರಾರ್ಜಿತ ನೆಲಕ್ಕೆ ಮಾತ್ರ ವಿನಾಯಿತಿ. ಅದು ವತನ್ ಜಾಗೀರು, ವರ್ಗಾವಣೆ ಇಲ್ಲ. ಆದ್ರೆ ದಫ್ತರದಲ್ಲಿ ಅದೂ ಸಂಬಳ ಅಂತಲೇ ದಾಖಲು! ಅಜ್ಜ ಮುತ್ತಜ್ಜ ಆಳಿದ ನೆಲ, ಈಗ ಬಾದಶಹ ಕೊಟ್ಟಿದ್ದು. ಮನೆ ಯಜಮಾನನಿಗೆ ಅವನ ಮನೆ ಬೀಗದ ಕೈಯನ್ನೇ ತಟ್ಟೆಯಲ್ಲಿಟ್ಟು ಉಡುಗೊರೆ ಕೊಟ್ಟ ಹಾಗೆ.

ಸುಮ್ನೆ ಯಾರೂ ಒಪ್ಪಲ್ಲ ಬಿಡಿ. ಪದವಿ ಏರಿದ ಹಾಗೆ ಬೇರೆ ಸುಬಾಗಳಲ್ಲೂ, ಅಂದ್ರೆ ಪ್ರಾಂತ್ಯಗಳಲ್ಲೂ, ಜಾಗೀರು ಸಿಗ್ತಿತ್ತು. ಭಾರಮಲ್ಲನ ಮೊಮ್ಮಗ ಮಾನ್ ಸಿಂಗ್ 1576ರಲ್ಲಿ ಹಲ್ದಿಘಾಟಿಯಲ್ಲಿ ರಾಣಾ ಪ್ರತಾಪನ ಎದುರು ಅಕ್ಬರನ ಸೈನ್ಯ ನಡೆಸಿದ. ಆಮೇಲೆ ಕಾಬೂಲ್, ಬಿಹಾರ, ಬಂಗಾಳದ ಅಧಿಕಾರ. ಕೊನೆಗೆ 7000 ಜಾತ್ ಮನ್ಸಬ್, ಅಂದ್ರೆ 7000ದ ವೈಯಕ್ತಿಕ ದರ್ಜೆ. ಸಣ್ಣ ರಾಜ್ಯದ ರಾಜನಾಗಿ ಕೂತಿದ್ರೆ ಅಷ್ಟೆಲ್ಲ ಅವನ ಕೈಗೆ ಬರ್ತಿರಲಿಲ್ಲ.

ಅಂದಹಾಗೆ ಸ್ಥಳೀಯರಿಗೆ ಕಂದಾಯ ಕೊಟ್ಟು ಸೇವೆಗೆ ಕಟ್ಟಿಕೊಳ್ಳೋದು ಮೊಘಲರ ಸ್ವಂತ ಉಪಾಯ ಅಲ್ಲ. ಒಟ್ಟೊಮನ್ನರು ಅಲ್ಬೇನಿಯಾದಲ್ಲಿ 1431-32ರಲ್ಲಿ ಬರೆಸಿದ ಭೂದಾಖಲೆಯಲ್ಲಿ ಸುಲ್ತಾನನಿಂದ ತಿಮಾರ್, ಅಂದ್ರೆ ಸೈನ್ಯ ಸೇವೆಗೆ ಬದಲಾಗಿ ಊರಿನ ಕಂದಾಯ, ಪಡೆದ ಸ್ಥಳೀಯ ಕ್ರೈಸ್ತರೂ ಇದ್ದಾರೆ. ಮತ ಬಿಡಿ ಅಂತ ಕೇಳಿಲ್ಲ, ಯುದ್ಧಕ್ಕೆ ಬನ್ನಿ ಅಂದ್ರು, ಅಷ್ಟೇ.

ಕೊಟ್ಟವನಿಗೆ ಕಿತ್ಕೊಳ್ಳೋಕೂ ಬರತ್ತಲ್ಲ, ಅದು ಗೊತ್ತಾಗಿದ್ದು ಮಾರವಾಡದಲ್ಲಿ, ಅಂದ್ರೆ ಜೋಧಪುರ ರಾಜ್ಯದಲ್ಲಿ. 1678ರ ಕೊನೆಗೆ ಅಲ್ಲಿನ ರಾಜ ಜಸ್ವಂತ್ ಸಿಂಗ್ ತೀರಿಕೊಂಡಾಗ ಅವನಿಗೆ ಬದುಕಿದ್ದ ಗಂಡುಮಗ ಇರಲಿಲ್ಲ. ಔರಂಗಜೇಬ್ ಜೋಧಪುರವನ್ನ ಖಾಲಿಸಾಕ್ಕೆ, ಅಂದ್ರೆ ನೇರ ಬಾದಶಾಹಿ ಖಜಾನೆಗೆ, ಸೇರಿಸಿಬಿಟ್ಟ. ಅಷ್ಟರಲ್ಲಿ ವಿಧವೆ ರಾಣಿಯರಿಗೆ ಗಂಡುಮಕ್ಕಳು ಹುಟ್ಟಿದವು. ಆದ್ರೂ ಗದ್ದುಗೆ ಹೋಗಿದ್ದು ಜಸ್ವಂತನ ಅಣ್ಣನ ಮೊಮ್ಮಗನಿಗೆ, 36 ಲಕ್ಷ ರೂಪಾಯಿ ಕಾಣಿಕೆಗೆ. ಜಸ್ವಂತನ ಕುಲದವರಾದ ರಾಠೋಡರು ಸಿಡಿದೆದ್ರು. ದುರ್ಗಾದಾಸ್ ರಾಠೋಡ್ ಜಸ್ವಂತನ ಕೂಸು ಅಜಿತ್ ಸಿಂಗನನ್ನ ಕಾಪಾಡ್ಕೊಂಡು ವರ್ಷಗಟ್ಟಲೆ ಹೋರಾಡಿದ. 1707ರಲ್ಲಿ ಔರಂಗಜೇಬ್ ಸತ್ತ ಸುದ್ದಿ ಬಂದಿದ್ದೇ ತಡ, ಅಜಿತ್ ಸಿಂಗ್ ಜೋಧಪುರಕ್ಕೆ ನುಗ್ಗಿ ಗದ್ದುಗೆ ಹಿಡಿದ.

ಇಲ್ಲಿಗೆ ಮುಗೀತು ಅನ್ಕೊಂಡ್ರಾ? 1715ರಲ್ಲಿ ಅದೇ ಅಜಿತ್ ಸಿಂಗ್ ತನ್ನ ಮಗಳನ್ನ ಬಾದಶಹ ಫರ್ರೂಖ್‌ಸಿಯರನಿಗೆ ಕೊಟ್ಟ. ಗುಜರಾತಿನ ಸುಬೇದಾರಿಯೂ, ಅಂದ್ರೆ ಆ ಪ್ರಾಂತ್ಯದ ಆಡಳಿತವೂ, ಅವನಿಗೆ ಬಂತು.