ಗಾಯವಾದ ದಿನವೇ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಾರ್ಚ್ 4ನ್ನು ನಾವು ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸುತ್ತೇವೆ. 1966ರ ಆ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಈ ವಾರ ಕಾರ್ಖಾನೆಗಳಲ್ಲಿ ಬ್ಯಾನರ್ ಕಟ್ಟುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ. ಕಾರ್ಖಾನೆಯ ವಿಷಯ ಹೇಳಲು ಬಹಳ ಜನರಿದ್ದಾರೆ. ನಾನು ಇಂದು ಪುರಸಭೆ, ನಗರಸಭೆ, ಗ್ರಾಮ ಪಂಚಾಯಿತಿಗಳಲ್ಲಿ ಕಸ ಎತ್ತುವ, ಚರಂಡಿ ತೆಗೆಯುವ, ನೀರು ಬಿಡುವ, ಬೀದಿದೀಪ ಸರಿಪಡಿಸಲು ಕಂಬ ಹತ್ತುವ ಕೆಲಸಗಾರರಿಗೆ ಆಗುವ ಗಾಯಗಳ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಗಾಯಗಳ ದಾಖಲೆಯ ಬಗ್ಗೆ ಮಾತನಾಡುತ್ತೇನೆ. ಕೆಲಸ ಮುಗಿಸಿ ಮನೆಗೆ ಬಂದು ರೇಡಿಯೊ ಹಾಕಿಕೊಂಡಿರುವ ಮೇಸ್ತ್ರಿಗಳು, ದಫೇದಾರರು, ಆರೋಗ್ಯ ನಿರೀಕ್ಷಕರು ಯಾರಾದರೂ ಇದ್ದರೆ, ಈ ಮಾತು ಮುಖ್ಯವಾಗಿ ನಿಮಗೇ. ಹೇಳಬೇಕಾದದ್ದು ಒಂದೇ: ಗಾಯವಾದ ದಿನವೇ ಅದನ್ನು ಬರೆಯಿರಿ.

ಕಾರ್ಖಾನೆಗಳ ತಪಾಸಣೆಯಲ್ಲಿ ಬಹುಕಾಲ ಕಳೆದ ನನ್ನನ್ನು, ಕೆಲವು ವರ್ಷಗಳ ಹಿಂದೆ, ಒಂದು ಪುರಸಭೆಯವರು ತಮ್ಮ ಪೌರಕಾರ್ಮಿಕರಿಗೆ ಸುರಕ್ಷತೆಯ ತರಬೇತಿ ಕೊಡಲು ಕರೆಸಿದ್ದರು. ಮೊದಲು ಅಪಘಾತದ ದಾಖಲೆ ನೋಡೋಣ ಎಂದೆ. ರಟ್ಟು ಹಾಕಿಸಿದ ಅಚ್ಚುಕಟ್ಟಾದ ಪುಸ್ತಕವೊಂದು ಬಂತು. ತಿಂಗಳಿಗೊಂದು ಪುಟ, ಪ್ರತಿ ಪುಟದಲ್ಲೂ ‘ಇಲ್ಲ’ ಎಂಬ ಒಂದೇ ಪದ, ಅದರ ಕೆಳಗೆ ಸಹಿ. ಮೂರು ವರ್ಷಗಳಲ್ಲಿ ಒಂದು ಗಾಯವೂ ಇಲ್ಲ. ಮರುದಿನ ಬೆಳಗ್ಗೆ ಆರೂವರೆಗೆ ಹಾಜರಿ ಕೂಗುವ ಜಾಗಕ್ಕೆ ಹೋಗಿ, “ಅಮ್ಮ, ಎಲ್ಲರೂ ಒಂದು ಸಲ ಅಂಗೈ ತೋರಿಸಿ” ಎಂದು ಕೇಳಿಕೊಂಡೆ. ಗುರುತಿಲ್ಲದ ಅಂಗೈ ಒಂದೂ ಇರಲಿಲ್ಲ. ಒಬ್ಬಾಕೆಯ ಎಡಗೈ ಹೆಬ್ಬೆರಳಿನ ಬುಡದಲ್ಲಿ ಅರಿಶಿನ ಮೆತ್ತಿದ ಹಸಿ ಗಾಯವಿತ್ತು. “ಇದು ಯಾವಾಗ ಆಯಿತಮ್ಮ?” ಎಂದರೆ, “ಮೊನ್ನೆ ಸ್ವಾಮಿ, ಬಾಟ್ಲಿ ಚೂರು. ಇದೇನು ಗಾಯವಾ, ದಿನಾ ಇದ್ದದ್ದೇ” ಎಂದರು. ಹಾಜರಿ ಪುಸ್ತಕ ತೆರೆದು ನೋಡಿದೆ. ನಿನ್ನೆಯ ದಿನದಲ್ಲಿ ಅವರ ಹೆಸರಿನ ಮುಂದೆ ‘ಗೈರು’ ಎಂದಿತ್ತು. ಊರಿನ ಕಸ ಎತ್ತುವಾಗ ಕೈ ಕೊಯ್ದುಕೊಂಡು, ಕೈ ಊದಿ, ಪೊರಕೆ ಹಿಡಿಯಲಾಗದೆ ಮನೆಯಲ್ಲಿ ಉಳಿದವರು ನಮ್ಮ ಕಾಗದದಲ್ಲಿ ಹೇಳದೆ ಕೇಳದೆ ಕೆಲಸ ತಪ್ಪಿಸಿದವರಾಗಿದ್ದರು. ಆ ದಿನದ ಕೂಲಿಯೂ ಹೋಗಿತ್ತು. ಇದನ್ನು ನೆನೆದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅಲ್ಲಿನ ಮೇಸ್ತ್ರಿ ಕೆಟ್ಟವರಲ್ಲ. ಬರೆದರೆ ಮೇಲಿನವರು ಕಾರಣ ಕೇಳುತ್ತಾರೆ, ನೋಟಿಸು ಬರುತ್ತದೆ ಎಂಬ ಹೆದರಿಕೆ ಅವರದು. ಬರೆದದ್ದಕ್ಕಾಗಿ ಯಾರಿಗೂ ನೋಟಿಸು ಕೊಡುವುದಿಲ್ಲ ಎಂದು ಮುಖ್ಯಾಧಿಕಾರಿಗಳಿಂದ ಎಲ್ಲರೆದುರು ಹೇಳಿಸಿ, ಇನ್ನೂರು ಪುಟದ ಒಂದು ನೋಟ್‌ಬುಕ್ ತರಿಸಿ ಅವರ ಕೈಗೆ ಕೊಟ್ಟೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಬೀದಿಯಲ್ಲಿ, ಏನು ಮಾಡುತ್ತಿದ್ದಾಗ, ಮೈಯ ಯಾವ ಭಾಗಕ್ಕೆ, ಯಾವುದರಿಂದ. ಇಷ್ಟು ಬರೆದರೆ ಸಾಕು ಎಂದೆ. ಆರು ತಿಂಗಳ ನಂತರ ಹೋದಾಗ ಕಚೇರಿಯವರು ಗಾಬರಿಯಾಗಿದ್ದರು. “ನಮ್ಮಲ್ಲಿ ಅಪಘಾತ ಬಹಳ ಹೆಚ್ಚಾಗಿದೆ ಸಾರ್” ಎಂದರು. ಹೆಚ್ಚಾಗಿರಲಿಲ್ಲ. ಮೊದಲೂ ಅಷ್ಟೇ ಆಗುತ್ತಿತ್ತು, ಈಗ ಕಣ್ಣಿಗೆ ಬಿದ್ದಿತ್ತು.

ಒಂದು ಮಧ್ಯಾಹ್ನ ಕುಳಿತು ಆ ಬರವಣಿಗೆಯನ್ನು ಬೀದಿಯ ಪ್ರಕಾರ ವಿಂಗಡಿಸಿದೆವು. ಗಾಜು ಚುಚ್ಚಿದ ಗಾಯಗಳಲ್ಲಿ ಹೆಚ್ಚಿನವು ಬಾರ್ ಅಂಗಡಿಗಳ ಹಿಂದಿನ ಎರಡು ಗಲ್ಲಿಗಳಲ್ಲಿ, ಅದೂ ಸೋಮವಾರ ಬೆಳಗ್ಗೆ. ಸೂಜಿ ಚುಚ್ಚಿದ್ದೆಲ್ಲ ಒಂದೇ ವಾರ್ಡಿನಲ್ಲಿ. ಅಲ್ಲಿನ ಕ್ಲಿನಿಕ್ ಒಂದು ಬಳಸಿದ ಸೂಜಿಗಳನ್ನು ಮನೆ ಕಸದ ಜೊತೆ ಹಾಕುತ್ತಿತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅವು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯಲ್ಲಿ ಬೇರೆಯಾಗಿ ಹೋಗಬೇಕು. ಮೂರನೆಯದನ್ನು ಮಾತ್ರ ನಾವು ಯಾರೂ ಊಹಿಸಿರಲಿಲ್ಲ. ಹೆಂಗಸರ ಗಾಯಗಳು ಬಹುಪಾಲು ಎಡಗೈಗೇ ಆಗಿದ್ದವು. ಏಕೆಂದು ವಿಚಾರಿಸಿದಾಗ ತಿಳಿಯಿತು: ಕೊಟ್ಟ ಕೈಗವಸು ಗಂಡಸರ ಅಳತೆಯದು. ಬಲಗೈಯಲ್ಲಿ ಪೊರಕೆ ಹಿಡಿದರೆ ಅದು ಹೇಗೋ ನಿಲ್ಲುತ್ತದೆ, ಎಡಗೈಯಿಂದ ಕಸ ಬಾಚುವಾಗ ಜಾರುತ್ತದೆ. ಆದ್ದರಿಂದ ಎಡಗೈಯದನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸು ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಎಲ್ಲವನ್ನೂ ಹಂಚಿದ ರಸೀದಿ ಕಚೇರಿಯಲ್ಲಿತ್ತು. ಕೈಯ ಅಳತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸಣ್ಣ ಅಳತೆಯ ಕೈಗವಸು ತರಿಸಿದರು, ಗಲ್ಲಿಗಳಲ್ಲಿ ಗಾಜಿಗೆಂದೇ ಡ್ರಮ್ ಇಟ್ಟರು, ಕ್ಲಿನಿಕ್ಕಿಗೆ ನೋಟಿಸು ಹೋಯಿತು. ಮುಂದಿನ ಪುಟಗಳಲ್ಲಿ ಎಡಗೈ ಎಂಬ ಪದ ಕಡಿಮೆಯಾಗುತ್ತ ಬಂತು. ‘ಇಲ್ಲ’ ಎಂದು ಸಹಿ ಹಾಕಿದ ಪುಸ್ತಕದಿಂದ ಇದರಲ್ಲಿ ಒಂದಾದರೂ ತಿಳಿಯುತ್ತಿತ್ತೇ, ನೀವೇ ಹೇಳಿ. ಅದಕ್ಕೇ ಹೇಳುತ್ತೇನೆ, ಗಾಯವಾದ ದಿನವೇ ಬರೆಯಿರಿ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಅಧಿಕಾರಿಗಳು ಒಂದು ಊರನ್ನು ಇನ್ನೊಂದು ಊರಿನ ಜೊತೆ ಹೋಲಿಸುವಾಗ ಗಾಯಗಳನ್ನು ಬರಿದೇ ಎಣಿಸಬಾರದು, ದರ ತೆಗೆಯಬೇಕು. ಅದಕ್ಕೆ ಐಎಸ್ 3786 ಎಂಬ ಭಾರತೀಯ ಮಾನಕವಿದೆ. ಇನ್ನೂರು ಕೆಲಸಗಾರರು ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ 4,80,000 ಗಂಟೆಗಳಾಗುತ್ತವೆ. ಆ ಅವಧಿಯಲ್ಲಿ ಕೆಲಸ ತಪ್ಪಿಸಿದ ಗಾಯಗಳು 12 ಇದ್ದರೆ, ಹತ್ತು ಲಕ್ಷ ಗಂಟೆಗೆ 25 ಎಂಬುದು ಆ ಊರಿನ ದರ. ಒಂದು ಸಾವನ್ನು ಆ ಮಾನಕ 6,000 ದಿನಗಳ ನಷ್ಟವೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಬರೆಯದೆ ಬಿಟ್ಟ ಊರಿನ ದರ ಸೊನ್ನೆ ಬರುತ್ತದೆ. ಅಂಥ ಸೊನ್ನೆಗೆ ಪ್ರಶಸ್ತಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ ಎಂದು ಜಿಲ್ಲಾ ಮಟ್ಟದ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಪರಿಹಾರದ ಮಾತೂ ಇದಕ್ಕೇ ಬಂದು ಸೇರುತ್ತದೆ. 1923ರ ಪರಿಹಾರ ಕಾಯ್ದೆ ಹಾಕಿಕೊಟ್ಟ ಕ್ರಮದಲ್ಲಿ, ಗಾಯವು ಕೆಲಸದಿಂದಲೇ, ಕೆಲಸದ ವೇಳೆಯಲ್ಲೇ ಆಯಿತೆಂದು ತೋರಿಸಬೇಕು ಮತ್ತು ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಪುಸ್ತಕದಲ್ಲಿ ಒಂದು ಸಾಲೂ ಇಲ್ಲದಿದ್ದರೆ ಓದು ಬರಹ ತಿಳಿಯದ ಕುಟುಂಬವು ಏನನ್ನು ತೋರಿಸೀತು?

ಕೊನೆಯದಾಗಿ ಒಳಚರಂಡಿ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗೇ ಮರಗಟ್ಟುತ್ತದೆ, ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಕೆಲಸಗಾರ ತಿಳಿಯುತ್ತಾನೆ. ಆದ್ದರಿಂದ ಮುಚ್ಚಳ ತೆಗೆದು ಬಗ್ಗಿದಾಗ ತಲೆ ಸುತ್ತಿ, ಬದಿಯಲ್ಲಿ ಐದು ನಿಮಿಷ ಕುಳಿತು ಎದ್ದುಹೋದವರ ಹೆಸರನ್ನೂ ಅದೇ ದಿನ ಬರೆಯಿರಿ. ಯಾವ ಬೀದಿಯ ಯಾವ ಗುಂಡಿ ಎಂಬುದನ್ನೂ ಬರೆಯಿರಿ. ನಾಳೆ ಅದೇ ಮುಚ್ಚಳವನ್ನು ಇನ್ನೊಬ್ಬರು ತೆಗೆಯುತ್ತಾರೆ. ನಮಸ್ಕಾರ.