ಕಂಪನಿಯ ಒಳಲೆಕ್ಕ: ನಿರ್ವಹಣಾ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರ ಕೆಲಸ ಎಂಥದ್ದು?

ನಮಸ್ಕಾರ. ಕಂಪನಿಯೊಂದು ಷೇರುದಾರರಿಗೂ ತೆರಿಗೆ ಇಲಾಖೆಗೂ ತೋರಿಸುವ ಲೆಕ್ಕ ಒಂದಾದರೆ, ಯಾವ ಸರಕನ್ನು ಮುಂದುವರಿಸಬೇಕು, ಯಾವುದನ್ನು ಕೈಬಿಡಬೇಕು, ಯಾವ ವಿಭಾಗದ ಸಾಧನೆಯನ್ನು ಹೇಗೆ ಅಳೆಯಬೇಕು ಎಂದು ತೀರ್ಮಾನಿಸಲು ತನಗಾಗಿಯೇ ಇಟ್ಟುಕೊಳ್ಳುವ ಲೆಕ್ಕ ಇನ್ನೊಂದು. ಈ ಎರಡನೆಯದನ್ನು ನಿರ್ವಹಣಾ ಲೆಕ್ಕಶಾಸ್ತ್ರ, ಅಂದರೆ ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಎನ್ನುತ್ತಾರೆ. ಬಿಸಿನೆಸ್ ಸ್ಕೂಲಿನಲ್ಲಿ ಇದನ್ನು ಕಲಿಸುತ್ತಾ, ಇದರಲ್ಲಿಯೇ ಸಂಶೋಧನೆ ಮಾಡುವವರ ವೃತ್ತಿಯ ಬಗ್ಗೆ ಇಂದಿನ ವಿಡಿಯೋ. ಬೆಳಿಗ್ಗೆ ತರಗತಿಯಲ್ಲಿ ಖಚಿತವಾಗಿ ಬಿಡಿಸಿ ತೋರಿಸಿದ ಲೆಕ್ಕವನ್ನೇ ಮಧ್ಯಾಹ್ನ ಸಂಶೋಧಕರಾಗಿ ಅನುಮಾನಿಸಬೇಕಾಗುವುದು ಈ ವೃತ್ತಿಯ ನಿಜವಾದ ಕಷ್ಟ. ನನ್ನ ಮಟ್ಟಿಗೆ ಅದರ ಆಕರ್ಷಣೆಯೂ ಅದೇ.

(ತೆರೆಯ ಮೇಲೆ: ಎರಡು ಸರಕುಗಳ ವೆಚ್ಚದ ಪಟ್ಟಿ)

ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕೊಡುವಂಥ ಒಂದು ಲೆಕ್ಕವನ್ನು ನೋಡೋಣ. ಕಾರ್ಖಾನೆಯೊಂದು ‘ಅ’ ಎಂಬ ಸರಕನ್ನು 9,000, ‘ಆ’ ಎಂಬ ಸರಕನ್ನು 1,000 ತಯಾರಿಸುತ್ತದೆ, ಮತ್ತು ಪ್ರತಿಯೊಂದಕ್ಕೂ ಒಂದು ಗಂಟೆಯ ದುಡಿಮೆ ಬೇಕು. ತಯಾರಿಕೆಯ ಪ್ರತಿ ಸುತ್ತಿಗೂ ಮೊದಲು ಯಂತ್ರವನ್ನು ಹೊಂದಿಸುವ ಒಟ್ಟು ವೆಚ್ಚ 1,00,000 ರೂಪಾಯಿ. ದುಡಿಮೆಯ ಗಂಟೆಗಳ ಪ್ರಕಾರ ಹಂಚಿದರೆ ‘ಅ’ ಆಗಲಿ ‘ಆ’ ಆಗಲಿ, ತಯಾರಾದ ಒಂದೊಂದರ ಮೇಲೂ 10 ರೂಪಾಯಿ ಬೀಳುತ್ತದೆ. ಆದರೆ ‘ಅ’ಗಾಗಿ ಯಂತ್ರವನ್ನು 3 ಬಾರಿ, ‘ಆ’ಗಾಗಿ 7 ಬಾರಿ ಹೊಂದಿಸಿದ್ದಾರೆ ಎಂದಿಟ್ಟುಕೊಂಡು ಆ ಪ್ರಕಾರ ಹಂಚಿದರೆ, ‘ಅ’ದ ಪಾಲು ಸುಮಾರು 3.33ಕ್ಕೆ ಇಳಿದು ‘ಆ’ದ ಪಾಲು 70ಕ್ಕೆ ಏರುತ್ತದೆ. ಲಾಭದ ಸರಕೆಂದು ಕಂಡದ್ದು ಒಮ್ಮೆಲೇ ನಷ್ಟದ ಸರಕಾಗಿ ಕಾಣಬಹುದು. ಚಟುವಟಿಕೆ ಆಧಾರಿತ ವೆಚ್ಚಗಣನೆ ಎಂದು 1980ರ ದಶಕದ ಕೊನೆಯಲ್ಲಿ ಹೆಸರಾದ ವಿಧಾನದ ತಿರುಳು ಇಷ್ಟೇ.

ವಿದ್ಯಾರ್ಥಿಗಳು ಇದನ್ನು ಬಿಡಿಸಿ ಸಮಾಧಾನಪಡುತ್ತಾರೆ. ಒಳ್ಳೆಯ ಅಧ್ಯಾಪಕರು ಅವರನ್ನು ಅಲ್ಲಿಗೇ ಬಿಡುವುದಿಲ್ಲ. ‘ಆ’ವನ್ನು ಕೈಬಿಟ್ಟರೆ ಆ 70,000 ನಿಜವಾಗಿಯೂ ಉಳಿಯುತ್ತದೆಯೇ? ಯಂತ್ರ ಹೊಂದಿಸುವವರು ತಿಂಗಳ ಸಂಬಳದವರಾಗಿದ್ದರೆ, ಕೆಲಸವಿರಲಿ ಬಿಡಲಿ, ಅವರ ಸಂಬಳ ಹೋಗುತ್ತಲೇ ಇರುತ್ತದೆ. ಉದ್ದೇಶ ಬದಲಾದರೆ ವೆಚ್ಚದ ಅಂಕಿಯೂ ಬದಲಾಗಬೇಕು ಎಂಬುದನ್ನು ಅರ್ಥಶಾಸ್ತ್ರಜ್ಞ ಜೆ. ಮಾರಿಸ್ ಕ್ಲಾರ್ಕ್ 1923ರಷ್ಟು ಹಿಂದೆಯೇ ವಾದಿಸಿದ್ದರೂ, ಪರೀಕ್ಷೆಯ ಉತ್ತರಪತ್ರಿಕೆಗೆ ಒಂದೇ ಸರಿ ಉತ್ತರ ಬೇಕಾಗುವುದರಿಂದ ಈ ಮಾತು ತರಗತಿಯಲ್ಲಿ ಬಹಳ ಸಲ ಹಿಂದೆ ಉಳಿದುಬಿಡುತ್ತದೆ. ಅನುಭವಿ ವ್ಯವಸ್ಥಾಪಕರು ಕೂತಿರುವ ಎಂಬಿಎ ತರಗತಿಯಲ್ಲಿ ಮಾತ್ರ ಇದು ತಪ್ಪದೆ ಏಳುತ್ತದೆ, ಏಕೆಂದರೆ ತಮ್ಮ ಕಂಪನಿಯ ಅಂಕಿಗಳು ಎಲ್ಲಿ ಸಡಿಲ ಎಂಬುದು ಅಧ್ಯಾಪಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

(ತೆರೆಯ ಮೇಲೆ: 1972 ಮತ್ತು 1978)

ಸಂಶೋಧನೆಯ ಕಡೆಗೆ ಬಂದರೆ, ಈ ಕ್ಷೇತ್ರ ಹೇಗೆ ಯೋಚಿಸುತ್ತದೆ ಎಂಬುದನ್ನು ತೋರಿಸಲು ಎರಡು ಅಧ್ಯಯನಗಳು ಸಾಕು. ಆಂಥೊನಿ ಹಾಪ್‌ವುಡ್ 1972ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಉಕ್ಕಿನ ಕಂಪನಿಯೊಂದನ್ನು ಕುರಿತದ್ದು. ಬಜೆಟ್ ಮುಟ್ಟಿದಿರೋ ಇಲ್ಲವೋ ಎಂಬುದೊಂದರಿಂದಲೇ ಅಳೆಯಲ್ಪಟ್ಟ ಮೇಲ್ವಿಚಾರಕರಲ್ಲಿ ಒತ್ತಡ ಹೆಚ್ಚು, ಸಹೋದ್ಯೋಗಿಗಳ ನಡುವಿನ ಸಂಬಂಧ ಕೆಟ್ಟದ್ದು, ಅಂಕಿಗಳನ್ನು ತಿರುಚುವ ಪ್ರವೃತ್ತಿಯೂ ಇದೆ ಎಂದು ಅವರು ಕಂಡರು. ಡೇವಿಡ್ ಓಟ್ಲಿ 1978ರಲ್ಲಿ ಪ್ರಕಟಿಸಿದ, ಬ್ರಿಟನ್ನಿನ ಕಲ್ಲಿದ್ದಲು ಗಣಿಗಳನ್ನು ಕುರಿತ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಯಾರು ಸರಿ ಎಂಬ ಪ್ರಶ್ನೆಯಲ್ಲೇ ವಾದ ನಿಂತಿದ್ದರೆ ಅದು ಅಲ್ಲಿಗೇ ಒಣಗಿಹೋಗುತ್ತಿತ್ತು. ಉಕ್ಕಿನ ಕಂಪನಿಯ ವಿಭಾಗಗಳು ಒಂದರ ಮೇಲೊಂದು ಅವಲಂಬಿತವಾಗಿದ್ದುದರಿಂದ ಒಬ್ಬರ ಬಜೆಟ್ ಇನ್ನೊಬ್ಬರ ಕೈಯಲ್ಲಿತ್ತು, ಆದರೆ ಗಣಿಗಳು ಬಹುಮಟ್ಟಿಗೆ ಸ್ವತಂತ್ರ ಘಟಕಗಳಾಗಿದ್ದುದರಿಂದ ಅಲ್ಲಿ ಬಜೆಟ್ ನ್ಯಾಯವಾದ ಅಳತೆಗೋಲಾಗಿತ್ತು ಎಂಬ ವಿವರಣೆ ಬಂದ ಮೇಲೆ, ಯಾವ ಪರಿಸ್ಥಿತಿಯಲ್ಲಿ ಯಾವ ಲೆಕ್ಕಪದ್ಧತಿ ಹೊಂದುತ್ತದೆ ಎಂಬುದೇ ಹಲವು ದಶಕಗಳ ಸಂಶೋಧನೆಗೆ ಪ್ರಶ್ನೆಯಾಯಿತು.

ಹಣಕಾಸು ಲೆಕ್ಕಶಾಸ್ತ್ರದ, ಅಂದರೆ ಹೊರಗಿನವರಿಗೆ ತೋರಿಸುವ ಲೆಕ್ಕದ, ಸಂಶೋಧಕರಿಗೆ ಸಾವಿರಾರು ಕಂಪನಿಗಳ ವಾರ್ಷಿಕ ವರದಿಗಳು ಮೇಜಿನ ಮೇಲೆಯೇ ಸಿಗುತ್ತವೆ. ಒಳಲೆಕ್ಕವನ್ನು ಮಾತ್ರ ಯಾವ ಕಂಪನಿಯೂ ಪ್ರಕಟಿಸುವುದಿಲ್ಲ. ಅದಕ್ಕಾಗಿ ಪರಿಚಯ ಬೆಳೆಸಬೇಕು, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು, ಕಂಪನಿಯ ಹೆಸರನ್ನು ಮರೆಮಾಚಲು ಒಪ್ಪಬೇಕು, ತಿಂಗಳುಗಟ್ಟಲೆ ಸಂದರ್ಶನ ನಡೆಸಬೇಕು. ಇಷ್ಟಾದ ಮೇಲೂ ಕಂಪನಿಯ ಮುಖ್ಯಸ್ಥರು ಬದಲಾದರೆ ಬಾಗಿಲು ಮುಚ್ಚಿಕೊಳ್ಳಬಹುದು. ಹೀಗಾಗಿ ಹಲವರು ಪ್ರಶ್ನಾವಳಿ ಕಳುಹಿಸಿ ಉತ್ತರಕ್ಕೆ ಕಾಯುತ್ತಾರೆ, ಕೆಲವರು ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಪ್ರಯೋಗ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಕಾರಣ ಮತ್ತು ಪರಿಣಾಮಗಳನ್ನು ಬೇರ್ಪಡಿಸುವುದು ಸುಲಭ, ಆದರೆ ಕಾರ್ಖಾನೆಯ ರಾಜಕೀಯ ಅಲ್ಲಿಗೆ ಬರುವುದಿಲ್ಲ. ಕೆಲಸದ ಸ್ಥಳಕ್ಕೇ ಹೋಗಿ ಮಾಡುವ ಅಧ್ಯಯನಗಳೇ ಈ ವಿಷಯಕ್ಕೆ ಹೆಚ್ಚು ಒಗ್ಗುತ್ತವೆ ಎಂದು ನನಗನ್ನಿಸುತ್ತದೆ, ಅವುಗಳಿಗೆ ಹಿಡಿಯುವ ಸಮಯ ಬಡ್ತಿಯ ಗಡಿಯಾರಕ್ಕೆ ಹೊಂದುವುದಿಲ್ಲ ಎಂಬುದು ನಿಜವಾದರೂ.

ಆ ಗಡಿಯಾರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪಿಎಚ್‌ಡಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು. ಅಮೆರಿಕದ ಮಾದರಿಯಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರು ಸುಮಾರು ಆರು ವರ್ಷಗಳೊಳಗೆ ಕಾಯಂ ಹುದ್ದೆಗೆ ಅರ್ಹರೆಂದು ತೋರಿಸಬೇಕು, ಮತ್ತು ಅದರಲ್ಲಿ ಬೋಧನೆಗಿಂತ ಪ್ರಕಟಣೆಗಳ ತೂಕವೇ ಬಹಳ ಕಡೆ ಹೆಚ್ಚು. 1976ರಲ್ಲಿ ಹಾಪ್‌ವುಡ್ ಆರಂಭಿಸಿದ ‘ಅಕೌಂಟಿಂಗ್, ಆರ್ಗನೈಸೇಷನ್ಸ್ ಅಂಡ್ ಸೊಸೈಟಿ’ಯಂಥ ಪತ್ರಿಕೆಗಳಲ್ಲಿ ಲೇಖನವೊಂದು ಪರಿಶೀಲಕರಿಂದ ಹಲವು ಸುತ್ತು ಹಿಂದಿರುಗಿ ಅಚ್ಚಾಗಲು ವರ್ಷಗಳೇ ಹಿಡಿಯಬಹುದು.

ಈ ದಾರಿಗೆ ಬರಲು ವಾಣಿಜ್ಯ ಪದವಿಯೇ ಆಗಬೇಕೆಂದಿಲ್ಲ. ಈ ಕ್ಷೇತ್ರದ ಅತಿ ಪರಿಚಿತ ಹೆಸರುಗಳಲ್ಲಿ ಒಬ್ಬರಾದ ರಾಬರ್ಟ್ ಕಪ್ಲಾನ್ ಓದಿದ್ದು ಎಂಜಿನಿಯರಿಂಗ್ ಮತ್ತು ಆಪರೇಷನ್ಸ್ ರಿಸರ್ಚ್, ಅಂದರೆ ಗಣಿತದ ನೆರವಿನಿಂದ ನಿರ್ಧಾರಗಳನ್ನು ರೂಪಿಸುವ ಶಾಸ್ತ್ರ. ಪಿಎಚ್‌ಡಿಗೆ ಅರ್ಜಿ ಹಾಕುವವರು ಸಂಸ್ಥೆಯ ಹೆಸರಿನ ಜೊತೆಗೆ ಮಾರ್ಗದರ್ಶಕರನ್ನೂ ವಿಚಾರಿಸಿಕೊಳ್ಳಬೇಕು: ಅವರು ಯಾವ ವಿಧಾನದಲ್ಲಿ ಕೆಲಸ ಮಾಡುತ್ತಾರೆ, ಅವರಿಗೆ ಬಾಗಿಲು ತೆರೆಯುವ ಕಂಪನಿಗಳು ಎಷ್ಟಿವೆ, ಹಿಂದಿನ ವಿದ್ಯಾರ್ಥಿಗಳಿಗೆ ಆ ಅಂಕಿಗಳನ್ನು ಬಳಸಲು ಅವಕಾಶ ಸಿಕ್ಕಿತ್ತೇ ಎಂಬುದನ್ನು ಸೇರುವ ಮೊದಲೇ, ಸಾಧ್ಯವಾದರೆ ಆ ವಿದ್ಯಾರ್ಥಿಗಳಿಂದಲೇ, ಕೇಳಿ ತಿಳಿದುಕೊಳ್ಳಬೇಕು.